ಹದಿನೇಳನೇ ಪುಟ ನೀಲಿ

ಜನವರಿ ೩, ಶನಿವಾರ

ಈ ಡೈರಿ ಬ್ಯಾಂಕಿನಿಂದ ಇವರಿಗೆ ಬಂದದ್ದು. ಇವರು ಬರೆಯುವುದಿಲ್ಲ, ನಾನು ಬಿಡುವುದಿಲ್ಲ. ಮೇಜಿನ ಮೇಲೆ ತೆರೆದಿಟ್ಟು ಹೋದರೂ ಭಯವಿಲ್ಲ. ಮಗಳು ಮೇದಿನಿಗೆ ಕನ್ನಡ ಓದಲು ಬಾರದು, ಇವರಿಗೆ ನನ್ನ ಅಕ್ಷರ ಓದಲು ಬಾರದು.

ಮೇದಿನಿ ವಡೋದರದಿಂದ ಬಂದಿದ್ದಾಳೆ. ಮಧ್ಯಾಹ್ನ ಊಟಕ್ಕೆ ಕೂತು, ಹುಳಿಗೆ ತುಪ್ಪ ಹಾಕಿಕೊಳ್ಳುತ್ತಾ, ಮದುವೆ ಅಂತಾದರೆ ಆ ಹುಡುಗನನ್ನೇ ಅಂದಳು. ಆ ಹುಡುಗ ಸೂರತ್ತಿನವನು. ಇವಳ ಜೊತೆ ವಡೋದರದಲ್ಲಿ ಓದಿದವನು. ಈಗ ಸೂರತ್ತಿನಲ್ಲೇ ಸೀರೆಗಳ ಪ್ರಿಂಟಿಗೆ ಕಂಪ್ಯೂಟರಿನಲ್ಲಿ ಡಿಸೈನ್ ಮಾಡುತ್ತಾನೆ. ನಾಲ್ಕು ವರ್ಷದಿಂದ ‘ಫ್ರೆಂಡು, ಫ್ರೆಂಡು’ ಅಂತ ಕೇಳಿ ಕೇಳಿ ನನಗೂ ಗೊತ್ತೇ ಇತ್ತು. ಗೊತ್ತಿದ್ದರೆ ಎದೆ ಧಸಕ್ ಅನ್ನಬಾರದು ಅಂತೇನಿಲ್ಲವಲ್ಲ.

ಇವರು “ಒಳ್ಳೇದಾಯ್ತು ಬಿಡಮ್ಮ” ಅಂದುಬಿಟ್ಟರು. ನನ್ನ ಗಂಡ ಕೃಷ್ಣಮೂರ್ತಿಗಳಿಗೆ ಒಂದು ಅಂಗಿ ಆರಿಸಲು ಮೂರು ಅಂಗಡಿ ಬೇಕು, ಅಳಿಯನನ್ನು ಆರಿಸಲು ಮೂರು ತುತ್ತು ಸಾಕಾಯಿತು.

“ನೀನೇನಂತೀಯಮ್ಮ?” ಅಂದಳು.

“ನಿಮ್ಮಿಷ್ಟ” ಅಂದೆ.

ನನ್ನ ಲೆಕ್ಕವೇ ಬೇರೆ ಇತ್ತು. ಇವರಿಗೆ ಇನ್ನೆರಡು ವರ್ಷಕ್ಕೆ ನಿವೃತ್ತಿ. ನಾಗಪುರ, ಭೋಪಾಲ್, ಅಹಮದಾಬಾದ್ ಅಂತ ಇಪ್ಪತ್ತು ವರ್ಷ ಪೆಟ್ಟಿಗೆ ಕಟ್ಟಿ ಬಿಚ್ಚಿದ್ದು ಸಾಕು, ತಿಪಟೂರಿಗೆ ಹೋಗಿ ಕೂರೋಣ, ಅಲ್ಲೇ ಹತ್ತಿರ ಮಗಳನ್ನು ಕೊಡೋಣ, ಮೊಮ್ಮಗುವಿಗೆ ಅ ಆ ಇ ಈ ತಿದ್ದಿಸೋಣ ಅಂತಿದ್ದೆ. ಮಗಳಿಗಂತೂ ತಿದ್ದಿಸಲು ಆಗಲಿಲ್ಲ. ಇನ್ನು ಅದೂ ಹೋಯಿತು. ಪಾತ್ರೆ ತೊಳೆಯುವಾಗ ಸ್ವಲ್ಪ ಅತ್ತೆ, ನಲ್ಲಿ ಜೋರಾಗಿ ಬಿಟ್ಟುಕೊಂಡು.

ಜನವರಿ ೫, ಸೋಮವಾರ

ಸೂರತ್ತಿನಿಂದ ಫೋನು. ಆ ಹುಡುಗನ ತಾಯಿ, ಸರಲಾಬೆನ್. ಅವರದ್ದು ಮ್ಯಾಚಿಂಗ್ ಸೆಂಟರ್, ಅಂದರೆ ಸೀರೆಗೆ ಹೊಂದುವ ಬ್ಲೌಸ್ ಪೀಸು, ಫಾಲ್ಸು, ಲಂಗದ ಬಟ್ಟೆ ಮಾರುವ ಅಂಗಡಿ. ಗಂಡ ತೀರಿಕೊಂಡ ಮೇಲೆ ಒಬ್ಬರೇ ನಡೆಸಿದ್ದಾರಂತೆ. ಮಾತು ಅರ್ಧ ಹಿಂದಿ, ಅರ್ಧ ಗುಜರಾತಿ, ಪೂರ್ತಿ ವೇಗ.

ನನ್ನ ಗುಜರಾತಿಯ ವಿಚಾರ ಡೈರಿಗೆ ಮಾತ್ರ ಹೇಳಬಹುದು. ಮೂರು ವರ್ಷದ ಹಿಂದೆ ಅಹಮದಾಬಾದಿನ ನವರಂಗಪುರದ ಈ ಮನೆಗೆ ಬಂದ ಹೊಸದರಲ್ಲಿ ಎದುರು ಮನೆಯಾಕೆ ಮಾತಿಗೊಮ್ಮೆ “ಸಾರೂ, ಸಾರೂ” ಅನ್ನುತ್ತಿದ್ದರು. ಪಾಪ, ಸಾರು ಬೇಕೇನೋ ಅಂತ ಒಂದು ತಪ್ಪಲೆ ಮೆಣಸಿನ ಸಾರು ಕೊಟ್ಟು ಬಂದೆ. ಸಾರೂ ಅಂದರೆ ‘ಸರಿ, ಒಳ್ಳೆಯದು’ ಅಂತ ಆಮೇಲೆ ತಿಳಿಯಿತು. ಅಂದಿನಿಂದ ನಾನು ಹಿಂದಿ ಬಿಟ್ಟು ಅಲ್ಲಾಡಿಲ್ಲ.

ಫೆಬ್ರವರಿ ಎಂಟು, ಭಾನುವಾರ, ಸೂರತ್ತಿನಲ್ಲಿ ಗೋಳ್-ಧಾಣಾ ಅಂತ ಇಟ್ಟುಕೊಂಡಿದ್ದಾರೆ. ನಮ್ಮ ನಿಶ್ಚಯ ತಾಂಬೂಲದ ಹಾಗೆ. ಬೆಲ್ಲ, ಕೊತ್ತಂಬರಿ ಬೀಜ ಎಲ್ಲರಿಗೂ ಕೊಟ್ಟು ಹುಡುಗ ಹುಡುಗಿಯೂ ತಿಂದರೆ ಮಾತು ನಿಂತಂತೆ. ಗೋಳ್ ಅಂದರೆ ಬೆಲ್ಲವಂತೆ. ನನ್ನ ಕಿವಿಗೆ ಬಿದ್ದದ್ದು ಗೋಳು.

ಅದಕ್ಕೊಂದು ಆಲ್ಬಮ್ ನಾನು ಮಾಡಿಕೊಡಬೇಕಂತೆ. ನಾನು ಕಂಪ್ಯೂಟರಿನಲ್ಲಿ ಫೋಟೋ ಪುಟ ಮಾಡುವ ವಿಷಯ ಮೇದಿನಿ ಊದಿದ್ದಾಳೆ. ಇಪ್ಪತ್ನಾಲ್ಕು ಪುಟ, ಮೊದಲು ಸಮಾರಂಭದ ಹಾಲಿನಲ್ಲಿ ದೊಡ್ಡ ಪರದೆಯ ಮೇಲೆ, ಆಮೇಲೆ ಪುಸ್ತಕವಾಗಿ ಪ್ರಿಂಟು. “ಒಂದೇ ಮಾತು ಇಂದಿರಾಬೆನ್, ರಂಗ್ ಲೀಲೋ ರಾಖ್‌ಜೋ” ಅಂದರು. ಅಂದರೆ ಬಣ್ಣ ಲೀಲೋ ಇಡಿ ಅಂತ. ಹೂವು, ಪರದೆ, ಅವರ ಮನೆಯ ಹೆಂಗಸರು, ಎಲ್ಲ ಲೀಲೋ. ಫೋನು ಗೊರಗೊರ ಅನ್ನುತ್ತಿತ್ತು. ಆದರೂ ಇಷ್ಟು ತಿಳಿಯದಷ್ಟು ದಡ್ಡಿಯಲ್ಲ ನಾನು. ನಮ್ಮ ನೀಲಿ ಗುಜರಾತಿಗಳ ಬಾಯಲ್ಲಿ ಲೀಲೋ ಆಗಿದೆ, ಅಷ್ಟೇ.

“ಮಾಡ್ತೀಯೇನೇ?” ಅಂದರು ಇವರು. ಮಾಡದೆ ಏನು, ಹುಡುಗಿ ಕಡೆಯವರಿಗೆ ಏನೂ ಬಾರದು ಅನ್ನಿಸಿಕೊಳ್ಳಬೇಕೇ.

ಜನವರಿ ೯, ಶುಕ್ರವಾರ

ಮೂರು ದಿನ ಫೋಟೋ ಆರಿಸಿದೆ. ಇವತ್ತು ಮಾಸ್ಕಿನ ಕೆಲಸಕ್ಕೆ ಕೈಹಚ್ಚಿದೆ. ಮುಖಕ್ಕೆ ಕಟ್ಟಿಕೊಳ್ಳುವ ಮಾಸ್ಕಲ್ಲ ಇದು. ಪುಟದ ಮೇಲೆ ಕಪ್ಪು ಮಸಿ ಚೆಲ್ಲಿದಂಥ ಒಂದು ಆಕಾರ. ಅದರ ಮೇಲೆ ಫೋಟೋ ಕೂರಿಸಿದರೆ ಮಸಿ ಇದ್ದ ಕಡೆ ಮಾತ್ರ ಫೋಟೋ ಕಾಣುತ್ತದೆ, ಮಸಿ ತೆಳುವಾದ ಕಡೆ ಮಸುಕು, ಇಲ್ಲದ ಕಡೆ ಮಾಯ. ಅದೇ ಆಕಾರದ ಇನ್ನೊಂದು ಪ್ರತಿ ತುಸು ದೊಡ್ಡದು ಮಾಡಿ ಕೆಳಗಿಟ್ಟು, ಅದಕ್ಕೆ ಬೇರೆ ಬಣ್ಣ ಕೊಟ್ಟರೆ, ಫೋಟೋದ ಅಂಚಿನಲ್ಲಿ ಆ ಬಣ್ಣ ಇಣುಕುತ್ತದೆ. ನೋಡಲು ಬಹಳ ಚೆಂದ.

ಆದರೆ ನಾನು ಇಲ್ಲಿಯವರೆಗೆ ಬಣ್ಣದ ತಂಟೆಗೆ ಹೋದವಳಲ್ಲ. ತಿಪಟೂರಿನ ಅತ್ತಿಗೆಯ ಷಷ್ಟ್ಯಬ್ದಿಗೂ ಕಪ್ಪು ಅಂಚೇ ಇಟ್ಟಿದ್ದೆ. ಇವತ್ತು ಬಣ್ಣ ಬದಲಿಸುವ ಪಟ್ಟಿಯನ್ನು ಎಡಕ್ಕೆಳೆದೆ, ಬಲಕ್ಕೆಳೆದೆ, ಕೆಂಪಿನಿಂದ ನೇರಳೆಯವರೆಗೆ ಮೆರವಣಿಗೆ ಮಾಡಿಸಿದೆ. ಮಸಿ ಮಸಿಯಾಗಿಯೇ ಕೂತಿತ್ತು. ಕಪ್ಪಿಗೆ ಯಾವ ಬಣ್ಣವೂ ಹತ್ತುವುದಿಲ್ಲವಂತೆ.

ಜನವರಿ ೧೦, ಶನಿವಾರ

ಬಣ್ಣ ಸುರಿಯುವ ಗುಂಡಿ ಒತ್ತಿದೆ. ಇಡೀ ಪುಟ ನೀಲಿ ಕೆರೆಯಾಯಿತು. ಮಸಿಯ ಆಕಾರ, ಫೋಟೋ, ಎಲ್ಲ ಮುಳುಗಿ ಹೋದವು.

“ಆ ಹುಡುಗಂಗೆ ಇದೇ ಕೆಲಸ ಅಲ್ವೇನೇ, ಒಂದು ಫೋನ್ ಮಾಡಿ ಕೇಳು” ಅಂದರು ಇವರು.

“ನಾನು ಯಾರನ್ನೂ ಕೇಳೋಳಲ್ಲ” ಅಂದೆ.

ಜನವರಿ ೧೨, ಸೋಮವಾರ

ದಾರಿ ಸಿಕ್ಕಿತು. ಮೌಸ್ ಹಿಡಿದು ಮಸಿಯ ಅಂಚಿನ ಮೇಲೆ ಕೈಯಲ್ಲೇ ನೀಲಿ ಬಳಿಯುವುದು. ಒಂದು ಪುಟಕ್ಕೆ ಒಂದು ದಿನ ಹಿಡಿಯುತ್ತದೆ. ಬಲಗೈ ಹೆಬ್ಬೆರಳು ಊದಿದೆ. ಹುಳಿಗೆ ಉಪ್ಪು ಹಾಕಲು ಮರೆತೆ, ಇವರು ಹೇಳಲಿಲ್ಲ, ಪುಣ್ಯಾತ್ಮರು. ಎರಡು ಪುಟ ಮುಗಿದಿವೆ, ಮೇದಿನಿ ತುಂಬ ಲಕ್ಷಣವಾಗಿ ಬಂದಿದ್ದಾಳೆ.

ಜನವರಿ ೧೪, ಬುಧವಾರ

ನಮಗೆ ಸಂಕ್ರಾಂತಿ, ಇಲ್ಲಿಯವರಿಗೆ ಉತ್ತರಾಯಣ. ಬೆಳಗಿನಿಂದ ಊರಿಗೆ ಊರೇ ಗಾಳಿಪಟ ಹಿಡಿದು ತಾರಸಿಯ ಮೇಲೆ. ಎದುರು ಮನೆಯಾಕೆ ಉಂಧಿಯು ಅನ್ನುವ ತರಕಾರಿ ಪಲ್ಯ, ಜಲೇಬಿ ಕೊಟ್ಟರು, ನಾನು ಎಳ್ಳುಬೆಲ್ಲ ಕೊಟ್ಟೆ.

ಹತ್ತು ಗಂಟೆಗೆ ಮೇದಿನಿ ಆ ಹುಡುಗನನ್ನು ಕರೆದುಕೊಂಡು ಬಂದಳು. ಹೆಸರು ಧವಲ್. ಬಾಗಿಲಲ್ಲಿ ನಿಂತು ಚಪ್ಪಲಿ ಬಿಡಲೋ ಬೇಡವೋ ಅಂತ ಒದ್ದಾಡುತ್ತಿದ್ದ.

“ಒಳಗೆ ಬನ್ನಿ” ಅಂದೆ.

“ಅಮ್ಮ, ಅವನಿಗೆ ಬನ್ನಿ ಅಂತಾರಾ? ಬಾ ಅನ್ನು.”

“ಬ್ಯಾಂಕಿನವರು ಬಂದ್ರೂ ನಾನು ಬನ್ನಿ ಅಂತೀನಿ.”

ಅವನಿಗೇನು ಅನ್ನಿಸಿತೋ, ಅರ್ಥ ಕೇಳಿ ತಿಳಿದುಕೊಂಡು, “ಒಳಗೆ ಬನ್ನಿ, ಒಳಗೆ ಬನ್ನಿ” ಅಂತ ಎರಡು ಸಲ ಬಾಯಿಪಾಠ ಮಾಡಿದ. ಒಂದು ಮಾತು ಒಪ್ಪಲೇಬೇಕು. ನಾಗಪುರ, ಭೋಪಾಲಿನಲ್ಲಿ ಬೆಳೆದ ನನ್ನ ಮಗಳು ಇವತ್ತಿಗೂ ‘ಒಲಗೆ’ ಅನ್ನುತ್ತಾಳೆ, ‘ಬಾಲೆಹಣ್ಣು’ ಅನ್ನುತ್ತಾಳೆ, ತಿದ್ದಿ ತಿದ್ದಿ ನನ್ನ ನಾಲಿಗೆ ಸವೆಯಿತು. ಇವನ ಬಾಯಲ್ಲಿ ಳ ಗಟ್ಟಿಯಾಗಿ ಬರುತ್ತದೆ. ಗುಜರಾತಿಯಲ್ಲೂ ಇದೆಯಂತೆ ಳ.

ಮಧ್ಯಾಹ್ನ ಎಲ್ಲರೂ ತಾರಸಿಯಲ್ಲಿದ್ದಾಗ ನಾನು ಕೆಳಗೆ ಬಂದು ಮೂರನೇ ಪುಟಕ್ಕೆ ನೀಲಿ ಬಳಿಯುತ್ತಿದ್ದೆ. ನೀರು ಕುಡಿಯಲು ಬಂದವನು ಹಿಂದೆ ನಿಂತು ನೋಡಿದ. ಏನೋ ಹೇಳಲು ಬಾಯಿ ತೆರೆದು ಮುಚ್ಚಿದ. ಆಮೇಲೆ ಮೆಲ್ಲಗೆ, ಆ ಮಸಿಯ ಪದರದ ಪಕ್ಕದಲ್ಲಿ ಬೀಗದ ಚಿತ್ರವಿದೆಯಲ್ಲ ಆಂಟಿ, ಮೊದಲು ಅದನ್ನು ಒತ್ತಿ, ಆಮೇಲೆ ಬಣ್ಣ ಸುರಿಯಿರಿ ಅಂದ. ಬೀಗ ಹಾಕಿದರೆ ಮಸಿ ಇದ್ದಲ್ಲಿ ಮಾತ್ರ ಬಣ್ಣ ನಿಲ್ಲುತ್ತದೆ, ದಟ್ಟ ಇದ್ದಲ್ಲಿ ದಟ್ಟ, ಮಸುಕಿದ್ದಲ್ಲಿ ಮಸುಕು.

“ಗೊತ್ತು” ಅಂದೆ. ಅವನು ಹೋಗುವವರೆಗೂ ಕೈಯಲ್ಲೇ ಬಳಿದೆ.

ಜನವರಿ ೧೫, ಗುರುವಾರ

ಬೀಗ ಒತ್ತಿದೆ, ಬಣ್ಣ ಸುರಿದೆ. ಐದು ನಿಮಿಷ. ಊದಿದ ಹೆಬ್ಬೆರಳನ್ನು ನೋಡಿಕೊಂಡು ನನಗೇ ನಗು ಬಂತು. ಒಂದೇ ದಿನದಲ್ಲಿ ಎಂಟು ಪುಟದ ಮಸಿ ನೀಲಿಯಾಯಿತು. ಮೊದಲಿನ ಮೂರೂ ಸೇರಿ ಹನ್ನೊಂದು.

ಜನವರಿ ೧೮, ಭಾನುವಾರ

ಮೇದಿನಿಗೆ ಹನ್ನೊಂದು ಪುಟ ತೋರಿಸಿದೆ. ಅಯ್ಯೋ ಎಷ್ಟು ಚೆನ್ನಾಗಿದೆ ಅಂತಾಳೆ ಅಂದುಕೊಂಡಿದ್ದೆ. ಅವಳು ಮೊದಲಿನಿಂದ ಕೊನೆಯವರೆಗೆ ಎರಡು ಸಲ ನೋಡಿದಳು.

“ಅಮ್ಮ, ಧವಲ್ ಎಲ್ಲಿ?”

“ಎಲ್ಲ ಪುಟದಲ್ಲೂ ಇದ್ದಾನಲ್ಲೇ.”

“ಅರ್ಧ ಇದ್ದಾನೆ. ಇಲ್ಲಿ ಒಂದು ಕಿವಿ. ಇಲ್ಲಿ ಬರೀ ಭುಜ. ಇದ್ರಲ್ಲಿ ಕನ್ನಡಕ ಕಾಣುತ್ತೆ, ಕಣ್ಣಿಲ್ಲ.”

“ಮಾಸ್ಕಿನ ಆಕಾರ ಹಾಗಿದೆ. ಅಂಚಿಗೆ ಬಂದವರು ಮಸುಕಾಗ್ತಾರೆ.”

“ಹನ್ನೊಂದು ಪುಟಕ್ಕೆ ಹನ್ನೊಂದು ಆಕಾರ ಇದೆ. ಎಲ್ಲದ್ರಲ್ಲೂ ಅವನೇ ಅಂಚಿಗೆ ಬಂದ್ನಾ?”

ದೇವರಾಣೆ, ಬೇಕೆಂದು ಮಾಡಿದ್ದಲ್ಲ. ಅವಳು ಅಳಲಿಲ್ಲ, ಕೂಗಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾದದ್ದು.

“ಬೇಡ ಅಂದ್ರೆ ಬೇಡ ಅನ್ನಮ್ಮ, ಬೇಕು ಅಂದ್ರೆ ಬೇಕು ಅನ್ನು. ಈ ನಿಮ್ಮಿಷ್ಟ ಅನ್ನೋದು ನಂಗೆ ಅರ್ಥ ಆಗುತ್ತೆ, ಅಷ್ಟು ಕನ್ನಡ ನಂಗೂ ಬರುತ್ತೆ. ನೀನು ಮನಸ್ಸಿಂದ ಒಪ್ಪದೆ ನಾನು ಆ ಬೆಲ್ಲ ಬಾಯಿಗೆ ಹಾಕಲ್ಲ. ಸೂರತ್ತಲ್ಲಿ ಎಲ್ಲರ ಮುಂದೆ ಹಾಗೇ ಕೂತಿರ್ತೀನಿ.”

ಸಂಜೆ ಬಸ್ಸಿಗೆ ಹೋದಳು. ಇವರು ಅವಳನ್ನು ಬಿಟ್ಟು ಬಂದು ಪೇಪರು ಹಿಡಿದು ಕೂತರು. ಪೇಪರು ತಲೆಕೆಳಗಾಗಿತ್ತು.

ಜನವರಿ ೧೯, ಸೋಮವಾರ

ಕಂಪ್ಯೂಟರ್ ತೆರೆಯಲಿಲ್ಲ.

ಜನವರಿ ೨೧, ಬುಧವಾರ

ತೆರೆದೆ. ಎಷ್ಟು ನೋಡಿದರೂ ಅವಳು ಹೇಳಿದ್ದೇ ನಿಜ. ಏಳನೇ ಪುಟದಲ್ಲಿ ಅವನ ಕೈಯಲ್ಲಿರುವ ಐಸ್‌ಕ್ರೀಮು ಪೂರ್ತಿ ಇದೆ, ಅವನಿಲ್ಲ.

ಫೋಟೋ ಹಿಡಿದು ಅತ್ತಿತ್ತ ಸರಿಸಿದರೆ ಯಾರು ಮಸಿಯ ಒಳಗೆ, ಯಾರು ಹೊರಗೆ ಅನ್ನುವುದು ಬದಲಾಗುತ್ತದೆ. ಒಂದೊಂದೇ ಪುಟ ಸರಿಸುತ್ತಾ ಹೋದೆ. ಧವಲ್‌ನನ್ನು ಒಳಗೆ ತಂದರೆ ಮೇದಿನಿಯ ಜಡೆ ಹೊರಗೆ ಹೋಗುತ್ತದೆ. ಜಡೆ ಹೋದರೆ ಹೋಗಲಿ, ಮುಖ ಇದ್ದರೆ ಸಾಕು. ಅವನ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ, ಇವತ್ತು ಗಮನಿಸಿದೆ.

ಇನ್ನೂ ಹದಿಮೂರು ಪುಟಕ್ಕೆ ಅವನ ಫೋಟೋಗಳೇ ಸಾಲವು. ಸರಲಾಬೆನ್‌ಗೆ ಫೋನು ಮಾಡಿ, ಚಿಕ್ಕಂದಿನವು ಇದ್ದರೆ ಕಳಿಸಿ ಅಂದೆ.

ಜನವರಿ ೨೩, ಶುಕ್ರವಾರ

ಅರವತ್ತು ಫೋಟೋ ಬಂದಿವೆ. ಒಂದನ್ನು ನೋಡಿ ನಗು ತಡೆಯಲಾಗಲಿಲ್ಲ. ಧವಲ್‌ಗೆ ಐದು ವರ್ಷ. ಅವನ ಸೋದರಮಾವನದ್ದು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಂತೆ. ಅಲ್ಲಿ ಹೋಗಿ ಬಣ್ಣದ ತೊಟ್ಟಿಗೆ ಎರಡೂ ಕೈ ಅದ್ದಿದ್ದಾನೆ. ಮೊಣಕೈವರೆಗೆ ಗಾಢ ನೀಲಿ. ಎರಡು ಕೈಯನ್ನೂ ಮೇಲೆತ್ತಿಕೊಂಡು, ಬಾಯಿ ಅಗಲಿಸಿ ಅಳುತ್ತಿದ್ದಾನೆ, ಮುಂದಿನ ಹಲ್ಲೆರಡು ಇಲ್ಲ. ತಿಂಗಳುಗಟ್ಟಲೆ ಹೋಗಲಿಲ್ಲವಂತೆ ಆ ಬಣ್ಣ, ಶಾಲೆಯಲ್ಲಿ ಎಲ್ಲರೂ ಕೃಷ್ಣ ಅಂತ ಕರೆದರಂತೆ.

ಇವರಿಗೆ ತೋರಿಸಿದೆ. “ನನ್ನ ಹೆಸರಿನವನೇ ಆಯ್ತಲ್ಲೇ” ಅಂದರು. ಅದನ್ನು ಹದಿನೇಳನೇ ಪುಟಕ್ಕೆ ಇಟ್ಟೆ. ಪುಟದ ತುಂಬ ಅವನೊಬ್ಬನೇ. ಸುತ್ತ ನೀಲಿ ಮಾಸ್ಕು, ಕೈಯೂ ನೀಲಿ. ಇಷ್ಟು ಹೊಂದಿದ ಪುಟ ನಾನು ಈವರೆಗೆ ಮಾಡಿಲ್ಲ.

ಜನವರಿ ೨೯, ಗುರುವಾರ

ಇಪ್ಪತ್ನಾಲ್ಕೂ ಮುಗಿದವು. ಕೊನೆಯ ಪುಟಕ್ಕೆ ಉತ್ತರಾಯಣದ ದಿನ ತಾರಸಿಯಲ್ಲಿ ಎದುರು ಮನೆಯಾಕೆ ತೆಗೆದ ಫೋಟೋ. ನಾವು ಮೂವರು ಮತ್ತು ಧವಲ್. ಮೇದಿನಿಗೆ ತೋರಿಸಲಿಲ್ಲ, ಅಲ್ಲೇ ನೋಡಲಿ. ನನ್ನ ನೀಲಿ ಮೈಸೂರು ರೇಷ್ಮೆ ಸೀರೆ ಹೊರತೆಗೆದೆ, ಹಳೇ ಬ್ಲೌಸು ಬಿಗಿ. ಶನಿವಾರ ಮಾತುಕತೆಗೆ ಸೂರತ್ತಿಗೆ ಹೇಗೂ ಹೋಗುವುದಿದೆ, ಬ್ಲೌಸ್ ಪೀಸನ್ನು ಅವರ ಅಂಗಡಿಯಲ್ಲೇ ತೆಗೆದುಕೊಂಡರಾಯಿತು.

ಜನವರಿ ೩೧, ಶನಿವಾರ

ಸೂರತ್ತಿನಿಂದ ವಾಪಸು ಬರುವ ರೈಲಿನಲ್ಲಿ ಬರೆಯುತ್ತಿದ್ದೇನೆ. ಇವರು ಇನ್ನೂ ನಡುನಡುವೆ ನಗುತ್ತಿದ್ದಾರೆ. ನಗಲಿ.

ಸರಲಾಬೆನ್ ಅಂಗಡಿ ನೆಲದಿಂದ ಸೂರಿನವರೆಗೆ ಬಣ್ಣ. ಚಹಾ ಆಯಿತು, ಮಾತುಕತೆ ಆಯಿತು. ನನ್ನ ಗುಜರಾತಿ ತೋರಿಸೋಣ ಅಂತ, “ಸರಲಾಬೆನ್, ಏಕ್ ಲೀಲೋ ಬ್ಲೌಸ್ ಪೀಸ್” ಅಂದೆ. ಅವರು ಗಿಳಿ ಹಸಿರಿನದ್ದೊಂದು ಎಳೆದರು. “ನಹೀ ನಹೀ, ಲೀಲೋ” ಅಂದೆ. ಮೆಹಂದಿ ಹಸಿರು ಬಂತು. ಮತ್ತೆ ತಲೆಯಾಡಿಸಿದೆ. ಬಾಟಲಿ ಹಸಿರು ಬಂತು. ಸರಲಾಬೆನ್‌ಗೆ ತಮ್ಮ ಭಾಷೆಯೇ ಬಾರದೇ ಅಂತ ನನಗೆ ಸಿಟ್ಟು. ಚೀಲದಿಂದ ಸೀರೆ ತೆಗೆದು ಮೇಜಿನ ಮೇಲೆ ಹರಡಿ, “ಯೇ ದೇಖಿಯೇ, ಲೀಲೋ” ಅಂದೆ.

ಸರಲಾಬೆನ್ ಸೀರೆ ನೋಡಿದರು, ನನ್ನನ್ನು ನೋಡಿದರು. “ಇಂದಿರಾಬೆನ್, ಆ ತೋ ವಾದಳಿ ಛೇ” ಅಂದರು. ಇದು ನೀಲಿ. ಲೀಲೋ ಅಂದರೆ ಹಸಿರು.

ಅಂಗಡಿಯಲ್ಲಿ ನನ್ನ ಗಂಡನ ನಗುವೊಂದು ಬಿಟ್ಟು ಬೇರೆ ಸದ್ದಿಲ್ಲ. ನಾನು ಫೋನು ತೆಗೆದು ಇಪ್ಪತ್ನಾಲ್ಕು ನೀಲಿ ಪುಟ ತೋರಿಸಿದೆ. ಹಾಲಿಗೆ ಹಸಿರು ಪರದೆ ಹೇಳಿಯಾಗಿದೆ, ಅವರ ಕಡೆಯ ನಲವತ್ತು ಹೆಂಗಸರಿಗೆ ಹಸಿರು ಬ್ಲೌಸು ಹೊಲಿಸಿಯಾಗಿದೆ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಧವಲ್ ಅಲ್ಲೇ ನಿಂತಿದ್ದ. “ನೀನು ಸಂಕ್ರಾಂತಿ ದಿನವೇ ನೋಡಿದ್ದೆಯಲ್ಲ, ಹೇಳಬಾರದಿತ್ತೇ?” ಅಂತ ಅವನ ತಾಯಿ ಗದರಿದರು.

“ಆಂಟಿಗೆ ನೀಲಿ ಇಷ್ಟ ಅಂದುಕೊಂಡೆ ಮಮ್ಮಿ. ಇದರಲ್ಲೆಲ್ಲ ಅವರಿಗೆ ಇಷ್ಟವಾದದ್ದು ಒಂದಾದರೂ ಇರಲಿ ಅಂತ ಸುಮ್ಮನಾದೆ” ಅಂದ, ಹಿಂದಿಯಲ್ಲಿ, ನೆಲ ನೋಡುತ್ತಾ.

ನನಗೆ ಮುಖ ಎತ್ತಲು ಆಗಲಿಲ್ಲ. ಇವರೂ ನಗು ನಿಲ್ಲಿಸಿದರು. ಸರಲಾಬೆನ್ ನನ್ನ ಸೀರೆ ಎತ್ತಿಕೊಂಡು, ನನ್ನ ಕೈ ಹಿಡಿದು ಅಂಗಡಿಯ ಹೊಸ್ತಿಲಿಗೆ ಕರೆತಂದರು. ಟ್ಯೂಬ್‌ಲೈಟಿನ ಕೆಳಗೆ ಬಣ್ಣವನ್ನು ನಂಬಬಾರದು, ಬಿಸಿಲಿಗೆ ತಂದು ನೋಡಬೇಕಂತೆ. ಸೀರೆಯ ಮೇಲೆ ಒಂದು ಬಟ್ಟೆಯಿಟ್ಟರು. ನೀಲಿಯೂ ಅಲ್ಲ, ಹಸಿರೂ ಅಲ್ಲ, ಎರಡರ ನಡುವಿನದ್ದು. ಸೂರತ್ತಿನಲ್ಲಿ ಆ ಬಣ್ಣಕ್ಕೆ ರಾಮಾ ಅನ್ನುತ್ತಾರಂತೆ. ನಿಮ್ಮ ಸೀರೆಗೂ ಹೊಂದುತ್ತೆ, ನಮ್ಮವರ ಪಕ್ಕ ನಿಂತರೂ ಹೊಂದುತ್ತೆ ಅಂದರು. ಆಮೇಲೆ ಇಬ್ಬರಿಗೂ ನಗು ಬಂತು. ಅಂಗಡಿಗೆ ಬಂದ ಗಿರಾಕಿಗಳು ಕಾದರೂ ನಮ್ಮ ನಗು ನಿಲ್ಲಲಿಲ್ಲ.

“ಎಂಟು ದಿನದಲ್ಲಿ ಹಸಿರು ಮಾಡ್ತೀನಿ” ಅಂದೆ.

“ಸಾರೂ” ಅಂದರು.

ಫೆಬ್ರವರಿ ೪, ಬುಧವಾರ

ಲ್ಯಾಪ್‌ಟಾಪನ್ನು ಬಾಲ್ಕನಿಗೆ ತಂದು, ಸರಲಾಬೆನ್ ಕೊಟ್ಟ ಹಸಿರು ತುಂಡನ್ನು ಪಕ್ಕದಲ್ಲಿಟ್ಟುಕೊಂಡು ಕೂತಿದ್ದೇನೆ. ಬೀಗ, ಸುರಿ. ಬೀಗ, ಸುರಿ. ಒಂದೆರಡು ಸಲ ಧವಲ್‌ಗೆ ಫೋನು ಮಾಡಿದೆ. ಹಸಿರು ಬಣ್ಣ ಕಂಪ್ಯೂಟರಿನ ಪರದೆಯ ಮೇಲೆ ಒಂದು ಥರ, ಬಟ್ಟೆಯಲ್ಲಿ ಒಂದು ಥರ ಕಾಣುವುದೇಕೆ ಅಂತ ಅರ್ಧ ಗಂಟೆ ಹೇಳಿದ. ಪೂರ್ತಿ ಅರ್ಥವಾಗಲಿಲ್ಲ, ಆದರೆ ಹುಡುಗನಿಗೆ ತಾಳ್ಮೆಯಿದೆ. ಅವನಿಗೆ ಶೀತವಾಗಿದೆ, ಎಂಟನೇ ತಾರೀಕಿನೊಳಗೆ ಹೋಗಲಿ ಅಂತ ಮೆಣಸಿನ ಕಷಾಯ ಹೇಳಿಕೊಟ್ಟೆ.

ಫೆಬ್ರವರಿ ೭, ಶನಿವಾರ

ಎಲ್ಲ ಹಸಿರು. ಪೆನ್‌ಡ್ರೈವಿಗೆ ಹಾಕಿದೆ. ಮೇದಿನಿ ವಡೋದರದಿಂದ ನೇರ ಸೂರತ್ತಿಗೆ ಬರುತ್ತಾಳೆ. ಅವಳಿಗೆ ಏನು ಹೇಳಬೇಕು, ಹೇಗೆ ಹೇಳಬೇಕು ಅಂತ ನಾಲ್ಕು ಸಾಲು ಮನಸ್ಸಿನಲ್ಲೇ ಹೊಂದಿಸಿದ್ದೇನೆ. ಬೆಲ್ಲಕ್ಕೆ ಮುಂಚೆ ಅವಳನ್ನು ಪಕ್ಕಕ್ಕೆ ಕರೆದು ಹೇಳಬೇಕು.

ಫೆಬ್ರವರಿ ೯, ಸೋಮವಾರ

ನಿನ್ನೆಯದನ್ನು ನಿಧಾನವಾಗಿ ಬರೆಯಬೇಕು.

ಹಾಲಿನ ತುಂಬ ಹಸಿರು. ಅದರ ನಡುವೆ ರಾಮಾ ಬ್ಲೌಸಿನಲ್ಲಿ ನಾನೊಬ್ಬಳೇ, ಹತ್ತು ಜನ ಬಂದು ಈ ಮ್ಯಾಚಿಂಗ್ ಯಾರದ್ದು ಅಂತ ಕೇಳಿದರು. ಮೇದಿನಿಯನ್ನು ಪಕ್ಕಕ್ಕೆ ಕರೆಯೋಣವೆಂದರೆ ಒಬ್ಬರು ಬಿಟ್ಟರೆ ಒಬ್ಬರು ಅವಳನ್ನು ಹಿಡಿದುಕೊಂಡಿದ್ದರು. ಅವಳು ನಗುತ್ತಿದ್ದಳು, ಆದರೆ ಕಣ್ಣು ನನ್ನ ಮೇಲೇ. ಅಷ್ಟರಲ್ಲಿ ಪರದೆಯ ಮೇಲೆ ಆಲ್ಬಮ್ ಶುರುವಾಯಿತು, ಬೆಲ್ಲದ ತಟ್ಟೆಯೂ ಹೊರಟಿತು.

ಒಂದನೇ ಪುಟದಲ್ಲಿ ಧವಲ್ ಪೂರ್ತಿ. ಎರಡರಲ್ಲಿ ಪೂರ್ತಿ. ಮೇದಿನಿ ಬೆರಳು ಮಡಿಸಿ ಎಣಿಸುತ್ತಿದ್ದದ್ದು ನನಗೆ ದೂರದಿಂದಲೇ ಕಂಡಿತು. ಹದಿನಾರರವರೆಗೆ ಹಸಿರು ಹಸಿರು ಹಸಿರು. ಹದಿನೇಳು ಬಂತು. ನೀಲಿ.

ಅಂಥ ಕಡು ನೀಲಿ, ಆ ಹಸಿರು ಹಾಲಿನಲ್ಲಿ, ಗೋಡೆಯಷ್ಟು ದೊಡ್ಡದು. ನೀಲಿ ಕೈ ಎತ್ತಿಕೊಂಡು ಅಳುವ ಹುಡುಗ. ಹಳೆಯ ಹದಿನೇಳನ್ನೇ ಪೆನ್‌ಡ್ರೈವಿಗೆ ಹಾಕಿದ್ದೆ.

ಬಣ್ಣದ ಕಾರ್ಖಾನೆಯ ಸೋದರಮಾವ ಮುಂದಿನ ಸಾಲಿನಲ್ಲಿದ್ದರು. ಗಟ್ಟಿ ಗಂಟಲು. ಸೂರತ್ತಿಗೆಲ್ಲ ಬಣ್ಣ ಹೊಂದಿಸಿಕೊಡುವ ಹುಡುಗ, ತನ್ನ ಗೋಳ್-ಧಾಣಾಕ್ಕೆ ಒಂದು ಪುಟದ ಬಣ್ಣ ಹೊಂದಿಸಲಿಲ್ಲ ನೋಡಿ, ಆಗಲೂ ತೊಟ್ಟಿಗೆ ಕೈ, ಈಗಲೂ ತೊಟ್ಟಿಗೆ ಕೈ ಅಂದರು. ಹಾಲಿಗೆ ಹಾಲೇ ನಕ್ಕಿತು. ತಮಾಷೆಯೇ, ಒಪ್ಪುತ್ತೇನೆ. ಧವಲ್ ತಲೆ ತಗ್ಗಿಸಿ ನಗುತ್ತಾ ನಿಂತಿದ್ದ, ನಾನು ಮಾಡಿದ್ದಲ್ಲ ಅಂತ ಒಂದು ಮಾತು ಆಡಲಿಲ್ಲ.

ನನಗೇನಾಯಿತೋ ಗೊತ್ತಿಲ್ಲ. ಎದ್ದು ನಿಂತೆ. ಹಿಂದಿ ಮರೆತು ಹೋಯಿತು.

“ಅವನನ್ನ ಯಾಕ್ರೀ ಅಂತೀರಿ? ತಪ್ಪು ನಂದು. ಲೀಲೋ ಅಂದ್ರೆ ನೀಲಿ ಅಂದ್ಕೊಂಡೋಳು ನಾನು, ಹಳೇ ಪುಟ ಹಾಕಿದೋಳೂ ನಾನು. ನಮ್ಮ ಹುಡುಗನ ಕೆಲಸದಲ್ಲಿ ಒಂದು ಕೂದಲೆಳೆ ತಪ್ಪು ಹುಡುಕಿ ತೋರಿಸಿ ನೋಡೋಣ. ನಮ್ಮ ಹುಡುಗ ಹೇಳಿಕೊಡದಿದ್ರೆ ಈ ಪುಟಗಳೇ ಇರ್ತಿರಲಿಲ್ಲ.”

ಇಡೀ ಹಾಲಿಗೆ ಒಂದಕ್ಷರ ಅರ್ಥವಾಗಲಿಲ್ಲ. ಲೀಲೋ ಅನ್ನುವುದೊಂದು ಅರ್ಥವಾಗಿರಬೇಕು. ಸೋದರಮಾವ ಕೈಮುಗಿದುಬಿಟ್ಟರು, ಪಾಪ. ನಾಚಿಕೆಯಾಗಿ ಕೂತೆ. ತಿರುಗಿ ನೋಡಿದರೆ ಮೇದಿನಿ ತಟ್ಟೆಯಿಂದ ಬೆಲ್ಲದ ಇಷ್ಟು ದೊಡ್ಡ ಉಂಡೆ ತೆಗೆದು ಬಾಯಿಗೆ ಹಾಕಿಕೊಂಡಾಗಿತ್ತು. ಕೆನ್ನೆ ಉಬ್ಬಿತ್ತು, ಕಣ್ಣಲ್ಲಿ ನೀರಿತ್ತು. ಕೊತ್ತಂಬರಿ ಬೀಜ ತಗೊಳ್ಳುವುದಕ್ಕೂ ಕಾಯಲಿಲ್ಲ ಹುಡುಗಿ.

ನಾನು ಹೊಂದಿಸಿಕೊಂಡಿದ್ದ ನಾಲ್ಕು ಸಾಲು ಹಾಗೇ ಉಳಿದವು. ಹೇಳಲು ಸಮಯವೇ ಸಿಗಲಿಲ್ಲ.

ಫೆಬ್ರವರಿ ೧೫, ಭಾನುವಾರ

ಇಬ್ಬರೂ ಬಂದಿದ್ದರು. ಪುಸ್ತಕ ಪ್ರಿಂಟಿಗೆ ಹೋಗುವ ಮುಂಚೆ ಧವಲ್, ಈಗ ನನ್ನ ಬಾಯಲ್ಲಿ ಧವಳ, ಎಲ್ಲ ಪುಟಗಳನ್ನೂ ಒಮ್ಮೆ ನೋಡುತ್ತೇನೆ ಅಂದ. ಬೆಳಗ್ಗೆ ಬಾಲ್ಕನಿಯ ಬಿಸಿಲಿಗೆ ಲ್ಯಾಪ್‌ಟಾಪ್ ತಂದು ಕೂತೆವು. ಇವರು ಎಲ್ಲರಿಗೂ ಕಾಫಿ ಮಾಡಿದರು, ಸಕ್ಕರೆ ಎರಡೆರಡು ಸಲ ಹಾಕಿದ್ದಾರೆ.

ಹದಿನೇಳು ಬಂದಾಗ, “ಹಸಿರು ಮಾಡಲೇ?” ಅಂತ ಕೇಳಿದ.

“ಬೇಡ, ನೀಲಿನೇ ಇರಲಿ. ನಂಗಿಷ್ಟ” ಅಂದೆ.

ಮೇದಿನಿ ಕಾಫಿ ಲೋಟದ ಮೇಲಿಂದ ನನ್ನನ್ನೇ ನೋಡಿದಳು. ಯಾಕೋ.

ಕೊನೆಯ ಪುಟ ಬಂತು. ತಾರಸಿಯ ಫೋಟೋ. ಮಾಡುವಾಗ ಅವರ ಮೂವರ ಮುಖವನ್ನಷ್ಟೇ ನೋಡಿದ್ದೆ, ಹಾಲಿನ ಆ ಗಲಾಟೆಯಲ್ಲಂತೂ ನೋಡಿಯೇ ಇರಲಿಲ್ಲ. ಇವರು ಪೂರ್ತಿ ಇದ್ದಾರೆ, ಮೇದಿನಿ ಪೂರ್ತಿ, ಧವಳ ಪೂರ್ತಿ, ಗುಳಿ ಸಮೇತ. ಎಡಗಡೆ ಅಂಚಿನಲ್ಲಿ ಒಂದು ಬಳೆಯ ಕೈ, ಅರ್ಧ ಕುಂಕುಮ, ಮಿಕ್ಕದ್ದು ಮಸುಕು.

“ಅಮ್ಮ, ಇದ್ರಲ್ಲಿ ನೀನೇ ಅರ್ಧ ಇದ್ದೀಯಲ್ಲ” ಅಂದಳು ಮೇದಿನಿ.

“ಇರಲಿ ಬಿಡೇ. ನೀವೆಲ್ಲ ಬಂದಿದ್ದೀರಲ್ಲ, ಸಾಕು.”

ಧವಳ ಲ್ಯಾಪ್‌ಟಾಪನ್ನು ತನ್ನ ಕಡೆಗೆ ಎಳೆದುಕೊಂಡ. ಮಸಿಯ ಆಕಾರವನ್ನು ಅಂಚಿನಲ್ಲಿ ಹಿಡಿದು ಸ್ವಲ್ಪ ಅಗಲಿಸಿದ. ಆಮೇಲೆ ಫೋಟೋ ಹಿಡಿದು ಮೆಲ್ಲಗೆ, ಬಲಕ್ಕೆ, ಕೂದಲಷ್ಟು ಕೂದಲಷ್ಟು ಎಳೆದ. ಮೊದಲು ನನ್ನ ಮೂಗುಬೊಟ್ಟು ಕಂಡಿತು, ಆಮೇಲೆ ಕಣ್ಣು.

“ಅಮ್ಮ, ಒಳಗೆ ಬನ್ನಿ” ಅಂದ.

ಳ ಸರಿಯಾಗಿತ್ತು. ತಿದ್ದುವುದಕ್ಕೆ ಏನೂ ಇರಲಿಲ್ಲ.